ಮೇನ್ ಬಂದ್ ಮಾಡುವ ಈರಣ್ಣ

ಖಾನಾಪುರದ ಈರಣ್ಣ ಮನೆಯಲ್ಲಿ ಒಂದು ಬಲ್ಬು ಬದಲಿಸಬೇಕಾದರೂ ಮೊದಲು ಮೇನ್ ಸ್ವಿಚ್ಚು ಕೆಳಗೆಳೆಯುವ ಪೈಕಿ. ಹೆಂಡತಿ ಕಾಶವ್ವ ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಹಾಕಿಕೊಂಡು ಕೂತಿರಲಿ, ಟೀವಿ ಧಾರಾವಾಹಿಯ ಅತ್ತೆ ಸೊಸೆಯ ಹಾಲಿಗೆ ವಿಷ ಬೆರೆಸುವ ಹೊತ್ತೇ ಬಂದಿರಲಿ, ಈರಣ್ಣ ಹೋಲ್ಡರಿಗೆ ಕೈ ಹಾಕುತ್ತಾನೆಂದರೆ ಇಡೀ ಮನೆ ಗಪ್ಪಾಗಬೇಕು. 'ಬರೇ ಒಂದ ಗುಂಡಿ ಒತ್ತಿದ್ರ ಸಾಲಂಗಿಲ್ಲೇನ್ರಿ? ಮನೀ ಎಲ್ಲಾ ಯಾಕ ಕತ್ತಲ ಮಾಡ್ತೀರಿ?' ಎಂದು ಆಕೆ ಬೈದು ಬೈದು ಸೋತು, ಈಗ ಬೈಯುವುದನ್ನೂ ಬಿಟ್ಟಿದ್ದಾಳೆ. ಈರಣ್ಣನದು ಒಂದೇ ಉತ್ತರ: 'ಬಂದ್ ಮಾಡು, ಆಮ್ಯಾಲ ಕೈ ಹಾಕು. ನಮ್ಮ ಉಸ್ತಾದರ ಮಾತು.'

ಉಸ್ತಾದರೆಂದರೆ ಗಜಾನನ ಮಿಸ್ತ್ರಿ. ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲಿ ಖಾನಾಪುರದಿಂದ ಬೆಳಗಾವಿಯ ಆಟೋ ನಗರಕ್ಕೆ ಕೆಲಸ ಹುಡುಕಿಕೊಂಡು ಬಂದ ಈರಣ್ಣನನ್ನು ಲೋಹ ಕಡೆಯುವ ಲೇಥ್ ಮಷೀನಿನ ಮುಂದೆ ನಿಲ್ಲಿಸಿ, ಕಬ್ಬಿಣ ಎಲ್ಲಿ ನಗುತ್ತದೆ, ಎಲ್ಲಿ ಅಳುತ್ತದೆ ಎಂದು ಕಲಿಸಿದವರು. ಅವರು ನಿವೃತ್ತರಾಗಿ ಎಷ್ಟೋ ಕಾಲವಾಯಿತು. ಅವರ ಮಾತು ಮಾತ್ರ ಈರಣ್ಣನ ಮೈಯಲ್ಲಿ ನೆಲೆ ನಿಂತಿತ್ತು. ಯಾವ ಮಷೀನೇ ಆಗಲಿ, ಅದರ ಹೊಟ್ಟೆಗೆ ಕೈ ಹಾಕುವ ಮೊದಲು ಅವನ ಎಡಗೈ ತಾನಾಗಿಯೇ ಮೇನಿನ ಕಡೆ ಹೋಗುತ್ತಿತ್ತು. ಇಂಥ ಜೋಪಾನದ ಮನುಷ್ಯ ಇಡೀ ಆಟೋ ನಗರದಲ್ಲಿ ಇರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಹಾಗೆ ಹೇಳಿ ಹೇಳಿಯೇ ಅವನನ್ನು ಹಾಳು ಮಾಡಿದರು ಅಂತ ನನಗನ್ನಿಸುತ್ತದೆ.

ಅವನು ಕೆಲಸ ಮಾಡುವುದು ಉತ್ತಮ ಎಂಬ ಮಾಲಕರ ವರ್ಕ್‌ಶಾಪಿನಲ್ಲಿ. ನೀರೆತ್ತುವ ಪಂಪಿಗೆ ಬೇಕಾದ ಶಾಫ್ಟುಗಳನ್ನು ಅಲ್ಲಿ ಕಡೆಯುತ್ತಾರೆ. ಮೂರು ವರ್ಷದ ಹಿಂದೆ ಮಾಲಕರು ಹಳೆಯ ಲೇಥುಗಳನ್ನೆಲ್ಲ ಗುಜರಿಗೆ ಹಾಕಿ, ಕೊಲ್ಹಾಪುರದಿಂದ ಒಂದು ಸೆಕೆಂಡ್ ಹ್ಯಾಂಡ್ ಸಿಎನ್‌ಸಿ ತಂದರು. ಸಿಎನ್‌ಸಿ ಎಂದರೆ ಇಷ್ಟು ತಿಳಿದರೆ ಸಾಕು: ಅದೂ ಲೇಥೇ. ಆದರೆ ಹಿಡಿಕೆ ತಿರುಗಿಸುವ ಕೈ ಮನುಷ್ಯನದಲ್ಲ, ಒಳಗೆ ಕೂತ ಕಂಪ್ಯೂಟರಿನದು. ಈರಣ್ಣ ತನ್ನ ಗತಿ ಮುಗಿಯಿತೆಂದುಕೊಂಡ. ಹಿಂದಿನ ತಗಡಿನ ಶೆಡ್ಡಿನಲ್ಲಿ ಸರಳು ಕತ್ತರಿಸುವ ಗರಗಸವೊಂದಿತ್ತು. ಯಾವ ಕೆಲಸವೂ ಆಗದವರನ್ನು ಅಲ್ಲಿ ನಿಲ್ಲಿಸುತ್ತಿದ್ದರು. ಆದರೆ ಉತ್ತಮ ಅವರು ಹೇಳಿದ್ದೇ ಬೇರೆ. 'ಕಬ್ಬಿಣ ತಿಳದವಗ ಕಂಪ್ಯೂಟರ್ ಕಲಸಬಹುದು. ಕಂಪ್ಯೂಟರ್ ತಿಳದವಗ ಕಬ್ಬಿಣ ಕಲಸಾಕ ಒಂದ ಜನ್ಮ ಬೇಕು. ಈರಣ್ಣಾ, ಮಷೀನು ನಿಮ್ಮದು.' ಆವತ್ತು ಈರಣ್ಣ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತು ಖಾನಾಪುರದ ತನಕ ಕಣ್ಣೊರೆಸಿಕೊಂಡ.

ಕಲಿತ. ಹಟ ಹಿಡಿದು ಕಲಿತ. ಬೆಳಿಗ್ಗೆ ಬಂದು ಸ್ವಿಚ್ಚು ಹಾಕಿ, ಪರದೆಯ ಮುಂದೆ ಕೈ ಕಟ್ಟಿ ನಿಲ್ಲುವನು. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು ಸರಸರ ಓಡುವವು. ಅವು ಏನು ಹೇಳುತ್ತವೆ ಎಂದು ಅವನಿಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಕೊನೆಗೆ ದಿನಾ ಕಾಣುವ ಕೆಲಸದ ಪುಟ ಮೂಡಿದಾಗ 'ಎದ್ದಾ' ಎನ್ನುವನು. ಆಮೇಲೆ ಹೋಮ್ ಗುಂಡಿ ಒತ್ತಿದರೆ, ಕಡೆಯುವ ಉಳಿಯನ್ನು ಹೊತ್ತು ಸರಿಯುವ ಎರಡೂ ಜಾರುಗಾಡಿಗಳು ತಮ್ಮ ಮೂಲೆಗೆ ಹೋಗಿ ನಿಲ್ಲುವವು. ಅದು ಅಳತೆ ಶುರುವಾಗುವ ಜಾಗ. ಅಲ್ಲಿಂದ ಸಂಜೆಯ ತನಕ ಶಾಫ್ಟಿನ ಮೇಲೆ ಶಾಫ್ಟು.

ಈ ಚೈತ್ರದಲ್ಲಿ ಒಂದು ದಿನ ಪರದೆಯ ಕೆಳಗೆ ಬ್ಯಾಟರಿ ಎಂದು ಕೆಂಪಗೆ ಮಿಣುಕತೊಡಗಿತು. ಮಾಲಕರು ಊರಲ್ಲಿರಲಿಲ್ಲ. ಆಫೀಸಿನಲ್ಲಿ ಕೂರುವ ಅವರ ತಮ್ಮನ ಮಗ ಪ್ರತೀಕ ಕುರ್ಚಿಯಿಂದಲೇ, 'ಸೆಲ್ ವೀಕ್ ಆಗಿರ್ತಾವ್ ಕಾಕಾ, ಬದಲ ಮಾಡಿಬಿಡ್ರಿ' ಅಂದ. ಇಷ್ಟೇ ತಾನೆ? ಈರಣ್ಣ ರಸ್ತೆಯಾಚೆಯ ಅಂಗಡಿಯಿಂದ ದಪ್ಪ ಸೆಲ್ಲುಗಳನ್ನು ತಂದ. ಮೇನ್ ಬಂದ್ ಮಾಡಿದ. ಮಷೀನಿನ ಬೆನ್ನಿಗಿದ್ದ ಬ್ಯಾಟರಿ ಡಬ್ಬಿ ಬಿಚ್ಚಿದ. ಒಳಗಿನ ಹಿತ್ತಾಳೆ ಪಟ್ಟಿಗಳಿಗೆ ಹಸಿರು ಕಿಲುಬು ಹತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಹಳೆಯದನ್ನು ಕಿತ್ತು ಹೊಸದನ್ನು ತುರುಕುತ್ತಿದ್ದರು. ಈರಣ್ಣನೇ? ಪಟ್ಟಿಗಳನ್ನು ಪಾಲಿಶ್ ಕಾಗದದಿಂದ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು, ಡಬ್ಬಿಯನ್ನು ಬಿಸಿಲಿಗಿಟ್ಟು, ಅದು ಒಣಗುವ ತನಕ ಕಾಶವ್ವ ಕಟ್ಟಿಕೊಟ್ಟ ರೊಟ್ಟಿ, ಝುಣಕ ಉಂಡು, ಆಮೇಲೆ ಹೊಸ ಸೆಲ್ಲು ಹಾಕಿ, ಡಬ್ಬಿಯ ಮೇಲೆ ಬೆರಳಿನಿಂದ ವಿಭೂತಿ ಎಳೆದು ಮೇನ್ ಹಾಕಿದ.

ಬಿಳಿ ಅಕ್ಷರಗಳು ಓಡಿದವು. ಈರಣ್ಣ ಎಂದಿನಂತೆ ಕೈ ಕಟ್ಟಿ ನಿಂತ. ಪುಟ ಮೂಡಲಿಲ್ಲ. ಅದರ ಬದಲು ಪರದೆ ತುಂಬ ಕೆಂಪು ಸಾಲುಗಳು ಬಂದವು. ಅಳಿಸುವ ಗುಂಡಿ ಒತ್ತಿದರೆ ಅಳಿಯಲಿಲ್ಲ. ಹೋಮ್ ಒತ್ತಿದರೆ ಜಾರುಗಾಡಿ ಮಿಸುಕಲಿಲ್ಲ. ಮೇನ್ ಬಂದ್ ಮಾಡಿ ಮತ್ತೆ ಹಾಕಿದ. ಅದೇ ಅಕ್ಷರ, ಅದೇ ಕೆಂಪು. ಹಾಗೆ ಎಷ್ಟು ಸಲ ಹಾಕಿ ತೆಗೆದನೋ ದೇವರೇ ಬಲ್ಲ. ನಾಲ್ಕು ಕಡೆಯಿಂದ ಮಂದಿ ಸೇರಿ 'ಕರೆಂಟ್ ಹೆಚ್ಚುಕಡಿಮಿ ಆಗಿರಬೇಕು' ಅಂದರು. 'ಈರಣ್ಣಂದೇನ ತಪ್ಪ ಇರಂಗಿಲ್ಲ ಬಿಡ್ರಿ' ಅಂತಲೂ ಅಂದರು. ಈರಣ್ಣನೂ ಹೂಂಗುಟ್ಟಿದ. ತಪ್ಪು ಎಲ್ಲಿಂದ ಬರಬೇಕು? ಅವನಂತೂ ಮೇನ್ ಬಂದ್ ಮಾಡಿದ್ದ.

ಮರುದಿನ ಉತ್ತಮ ಅವರು ಊರಿಗೆ ಬಂದವರೇ ಶಹಾಪುರದಿಂದ ಪ್ರಾಚಿಯನ್ನು ಕರೆಸಿದರು. ಪ್ರಾಚಿ ಇಂಥ ಮಷೀನುಗಳ ರಿಪೇರಿ ಮಾಡುವ ಇಂಜಿನಿಯರ್ ಹುಡುಗಿ. ಸ್ಕೂಟಿ ನಿಲ್ಲಿಸಿ, ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿ ಬಂದು, ಪರದೆ ನೋಡಿ ಕೇಳಿದ ಮೊದಲ ಮಾತು, 'ಬ್ಯಾಟರಿ ಯಾರು ಬದಲ ಮಾಡಿದ್ರಿ?'

'ನಾನಽ ಮಾಡೀನ್ರಿ,' ಎಂದು ಈರಣ್ಣ ಮುಂದೆ ಬಂದ. ಎದೆ ಸೆಟೆದಿತ್ತು. 'ಮೇನ್ ಬಂದ್ ಮಾಡಿ, ಡಬ್ಬಿ ಪೆಟ್ರೋಲಿನ್ಯಾಗ ತೊಳದು, ಬಿಸಲಾಗ ಒಣಗಿಸಿ...'

ಪ್ರಾಚಿ ಕಣ್ಣು ಮುಚ್ಚಿ ಹಣೆ ಹಿಡಿದುಕೊಂಡಳು. 'ಅಯ್ಯಯ್ಯ ಕಾಕಾ! ಮೇನ್ ಚಾಲೂ ಇಟ್ಟಽ ಬದಲ ಮಾಡಬೇಕಾಗಿತ್ತಲ್ರಿ!'

ಈರಣ್ಣ ಉತ್ತಮ ಅವರ ಮುಖ ನೋಡಿದ. ಉತ್ತಮ ಅವರು ಪ್ರಾಚಿಯ ಮುಖ ನೋಡಿದರು. ಚಾಲೂ ಇಟ್ಟು ಕೈ ಹಾಕಬೇಕಂತೆ! ಈ ಹುಡುಗಿಗೆ ಬಿಸಿಲು ನೆತ್ತಿಗೇರಿದೆಯೇನೋ ಎಂದೇ ಈರಣ್ಣನಿಗೆ ಅನ್ನಿಸಿತು.

'ಕುಂದರ್ರಿ, ಹೇಳ್ತೀನಿ,' ಎಂದು ಪ್ರಾಚಿ ತಾನೂ ಒಂದು ಡಬ್ಬ ಬೋರಲು ಹಾಕಿ ಕೂತಳು. 'ನೀವು ಸ್ವಿಚ್ ಹಾಕಿದ ಕೂಡಲೆ ಇದರೊಳಗ ಮೊದಲ ಏಳಾಂವ ಒಬ್ಬ ಸಣ್ಣಾಂವ. ಅವಗ ಬಾಳ ಬುದ್ಧಿ ಇಲ್ಲ. ಮೈ ಎಲ್ಲಾ ಮುಟ್ಟಿ ನೋಡ್ತಾನ. ಮೆಮರಿ ಐತೇನು, ಪರದೆ ಐತೇನು, ಗುಂಡಿ ಅದಾವೇನು ಅಂತ. ಎಲ್ಲಾ ಇದ್ರ ದೊಡ್ಡಾಂವನ್ನ ಕರದು ಕುರ್ಚಿ ಮ್ಯಾಲ ಕುಂದ್ರಸ್ತಾನ. ಆ ದೊಡ್ಡಾಂವಽ ಆಪರೇಟಿಂಗ್ ಸಿಸ್ಟಮ್. ಅಂವ ಕುಂತ ಮ್ಯಾಲ ಮೋಟರ್ ತಿರಗೂದು, ಎಣ್ಣಿ ಪಂಪ್ ಓಡೂದು, ನೀವ ಒತ್ತಿದ ಗುಂಡಿ ಯಾರಿಗೆ ಮುಟ್ಟಬೇಕು ಅನ್ನೂದು, ಎಲ್ಲಾ ಅವನ ಹುಕುಂ. ಅವನ್ನ ಕೇಳದ ಒಳಗ ಒಂದ ಕಡ್ಡಿನೂ ಅಲಗಾಡಂಗಿಲ್ಲ.'

'ಹೌದೇನ್ರಿ. ಮತ್ತ ಆ ಸಣ್ಣಾಂವನ್ನ ಎಬ್ಬಸಾಂವ ಯಾರು?'

'ಯಾರೂ ಇಲ್ರಿ. ಕರೆಂಟ್ ಹರೀತಂದ್ರ ತಾನಽ ಏಳ್ತಾನ. ಅವನ ಪಾಠ ಚಿಪ್ಪಿನ್ಯಾಗ ಕಾಯಂ ಬರದಿಟ್ಟಾರ. ಕರೆಂಟ್ ಹೋದ್ರೂ ಅದು ಅಳಸಂಗಿಲ್ಲ.'

'ಹಂಗಾರ ಅಂವ ಎದ್ದಾನ, ದೊಡ್ಡಾಂವನೂ ಎದ್ದಾನ. ಅಕ್ಷರ ಓಡಿದ್ದು ನಾನಽ ನೋಡೀನಿ. ಮತ್ತ ಯಾಕ ನಡೀವಲ್ದು?'

'ದೊಡ್ಡಾಂವ ಎದ್ದಾನ, ಖರೇ. ಆದ್ರ ಯಾರ ಮನ್ಯಾಗ ಎದ್ದೀನಿ ಅನ್ನೂದು ಅವಗ ತಿಳೀವಲ್ದು. ಈ ಮಷೀನಿಗೆ ಮೋಟರ್ ಎಷ್ಟು, ಸ್ಕ್ರೂ ಎಷ್ಟ ಸವದಾವು, ಹೋಮ್ ಎಲ್ಲೈತಿ, ಇದೆಲ್ಲಾ ಬ್ಯಾರೆ ಒಂದ ಮೆಮರಿಯಾಗ ಇರ್ತದ. ಅದಕ್ಕ ಹನಿ ಹನಿ ಕರೆಂಟ್ ಸಿಗ್ತಾನಽ ಇರಬೇಕು. ಮಷೀನು ಚಾಲೂ ಇದ್ದಾಗ ಮೇನ್ ಕೊಡ್ತದ, ಬಂದ್ ಇದ್ದಾಗ ಬ್ಯಾಟರಿ ಕೊಡ್ತದ. ನೀವು ಎರಡೂ ಕೂಡೇ ತಗದ್ರಿ. ಬಸದಿಯಾಗ ನಂದಾದೀಪಕ್ಕ ಎಣ್ಣಿ ಹಾಕ್ತಾರಲ್ಲ ಕಾಕಾ, ದೀಪ ಆರಿಸಿ ಹಾಕ್ತಾರೇನ್ರಿ?'

ದೀಪದ ಮಾತು ಈರಣ್ಣನಿಗೆ ತಿಳಿಯಿತು. ಅದು ತಿಳಿದದ್ದರಿಂದಲೇ ಉಳಿದದ್ದೆಲ್ಲ ಇನ್ನಷ್ಟು ಗೋಜಲಾಯಿತು. ಹಾಗಾದರೆ ತಾನು ಬಂದ್ ಅಂದುಕೊಂಡಾಗಲೂ ಇದು ಬಂದ್ ಆಗಿರಲಿಲ್ಲವೇ? ದಿನಾ ಸಂಜೆ ಮೇನ್ ಇಳಿಸಿ, ಮಲಗಿತು ಅಂದುಕೊಂಡು ಮನೆಗೆ ಹೋಗುತ್ತಿದ್ದನಲ್ಲ, ಇದು ಒಳಗೊಳಗೇ ಎಚ್ಚರವಿತ್ತೇ? ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟಾಗಬೇಕೆಂಬುದು ಮಾತ್ರ ಹೊಳೆಯಲಿಲ್ಲ.

ಪುಣ್ಯಕ್ಕೆ, ಮಷೀನು ಕೂಡಿಸಿದ ಹೊಸದರಲ್ಲೇ ಪ್ರಾಚಿ ಅದರ ಲೆಕ್ಕವನ್ನೆಲ್ಲ ನಕಲು ಮಾಡಿಟ್ಟುಕೊಂಡಿದ್ದಳು. ಅದನ್ನು ಮತ್ತೆ ತುಂಬಿದಳು. ಹೋಮ್ ಜಾಗವನ್ನು ಹೊಸದಾಗಿ ಹಿಡಿಯಲು ಇಡೀ ದಿನ ಬೇಕಾಯಿತು. ಅವಳು ಹೇಳಿದಂತೆ ಈರಣ್ಣ, ಕೂದಲೆಳೆಯಷ್ಟು ಸರಿದರೂ ಮುಳ್ಳು ತೋರಿಸುವ ಅಳತೆಯ ಡಯಲ್ ಹಿಡಿದು ನಿಂತ. ಸಂಜೆಗೆ ಪುಟ ಮೂಡಿತು. ಎಲ್ಲರೂ ಉಸಿರು ಬಿಟ್ಟರು. ಆಗ ಪ್ರಾಚಿ ಮೀಟರ್ ಹಿಡಿದು ಹೊಸ ಸೆಲ್ಲುಗಳನ್ನು ನೋಡಿ, 'ಇವೂ ಸತ್ತಂಗಽ ಅದಾವ. ಅಂಗಡ್ಯಾಗ ಎಷ್ಟ ವರ್ಷ ಬಿದ್ದಿದ್ವೋ. ಸರಿಯಾದ ಸೆಲ್ ಪುಣೆದಿಂದ ತರಸ್ತೀನಿ. ಅಲ್ಲೀತನಕಾ ಮೇನ್ ಬಂದ್ ಮಾಡಾಕ ಹೋಗಬ್ಯಾಡ್ರಿ. ಸೆಲ್ ಬಂದ ಮ್ಯಾಲ ಚಾಲೂ ಇಟ್ಟಽ ಹಾಕಬೇಕು' ಅಂದಳು.

ಉತ್ತಮ ಅವರು ಒಳ್ಳೆಯವರು, ಬೈಯಲಿಲ್ಲ. ಬೈದಿದ್ದರೇ ಈರಣ್ಣನಿಗೆ ಹಗುರಾಗುತ್ತಿತ್ತು. 'ಈರಣ್ಣಾ, ಸೆಲ್ ಬರೂದ್ರೊಳಗ ವಿಚಾರ ಮಾಡ್ರಿ,' ಅಂದರು. 'ಚಾಲೂ ಇದ್ದಾಗ ನಿಮ್ಮ ಕೈ ಹೋಗ್ತದೋ ಇಲ್ಲೋ. ಹೋಗಂಗಿಲ್ಲಂದ್ರ ಪ್ರತೀಕ ಮಾಡ್ತಾನ. ಆದ್ರ ಮಷೀನು ಒಬ್ಬರ ಕೈಯಾಗ ಇರಬೇಕು, ನೋಡ್ರಿ. ಯಾರು ಮಾಡ್ತಾರೋ ಅವರದಽ ಮಷೀನು.' ಗರಗಸದ ಶೆಡ್ಡಿನ ಹೆಸರನ್ನು ಅವರು ಎತ್ತಲಿಲ್ಲ. ಎತ್ತುವುದೇನು, ಅದು ಅಲ್ಲೇ ಹಿಂದೆ ಕರಕರ ಅನ್ನುತ್ತಿತ್ತು.

ಮರುದಿನ ಯಾರೂ ಇಲ್ಲದ ಹೊತ್ತು ನೋಡಿ ಈರಣ್ಣ ಮಷೀನಿನ ಹಿಂದೆ ಹೋದ. ಚಾಲೂ ಇತ್ತು. ಬರಿಯ ಡಬ್ಬಿಯ ಮುಚ್ಚಳ ಮುಟ್ಟಿ ನೋಡೋಣವೆಂದು ಬಲಗೈ ಚಾಚಿದ. ಕೈ ಅರ್ಧಕ್ಕೆ ಹೋಗಿ ನಿಂತಿತು. ಎಡಗೈ ಆಗಲೇ ಮೇನಿನ ಕಡೆ ಹೊರಟಿತ್ತು. ಅದನ್ನು ಬಲಗೈಯಿಂದಲೇ ಹಿಡಿದು ನಿಲ್ಲಿಸಬೇಕಾಯಿತು. ಒಬ್ಬನೇ ಮನುಷ್ಯ, ತನ್ನ ಒಂದು ಕೈಯಿಂದ ಇನ್ನೊಂದು ಕೈ ಹಿಡಿದುಕೊಂಡು, ಬೆವರುತ್ತ ನಿಂತಿದ್ದ. ಅವನ ಕಣ್ಣ ಮುಂದೆ ಗಜಾನನ ಮಿಸ್ತ್ರಿಯ ಬಲಗೈ ಬಂದಿತ್ತು. ಆ ಕೈಗೆ ಎರಡು ಬೆರಳಿಲ್ಲ. ಮಿಸ್ತ್ರಿ ಮಷೀನಿಗೆ ಕೈ ಹಾಕಿದ್ದಾಗ ಯಾರೋ ತಿಳಿಯದೆ ಸ್ವಿಚ್ಚು ಹಾಕಿಬಿಟ್ಟರಂತೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಹಳಬರು ಹೇಳುತ್ತಿದ್ದ ಮೊದಲ ಕತೆ ಅದು.

ಬಸ್ಸಿನಲ್ಲಿ ಅವನ ತಲೆ ಗಿರಣಿಯಂತೆ ತಿರುಗಿತು. ದೊಡ್ಡವನನ್ನು ಎಬ್ಬಿಸಲು ಸಣ್ಣವನು ಏಳಬೇಕು. ಸಣ್ಣವನು ಏಳಬೇಕಾದರೆ ಪಾಠ ಓದಬೇಕು. ಪಾಠ ಓದಬೇಕಾದರೆ ಎದ್ದಿರಬೇಕು! ಹುಚ್ಚು ಬಿಡುವ ತನಕ ಮದುವೆ ಆಗುವುದಿಲ್ಲ, ಮದುವೆ ಆಗುವ ತನಕ ಹುಚ್ಚು ಬಿಡುವುದಿಲ್ಲ ಅಂದ ಹಾಗಾಯಿತು. ಬಾಜೂ ಕೂತವರು 'ಏನಾರ ಅಂದ್ರೇನ್ರಿ?' ಎಂದು ಕೇಳಿದಾಗಲೇ ತಾನು ಬಾಯಿಬಿಟ್ಟು ಮಾತಾಡುತ್ತಿದ್ದೇನೆ ಅಂತ ಅವನಿಗೆ ತಿಳಿದದ್ದು.

ಭಾನುವಾರ ಮಲಪ್ರಭೆಯ ದಂಡೆಯ ಕಡೆಗಿರುವ ಗಜಾನನ ಮಿಸ್ತ್ರಿಯ ಮನೆಗೆ ಹೋದ. ಮುದುಕರು ಹಿತ್ತಲಲ್ಲಿ ಮೆಣಸಿನ ಗಿಡಕ್ಕೆ ನೀರು ಬಿಡುತ್ತಿದ್ದರು. 'ಕಾಯ್ ರೇ ಈರ್ಯಾ, ದಾರಿ ತಪ್ಪಿ ಬಂದಿಯೇನು?' ಅಂದರು. ಮನೆಮಾತು ಮರಾಠಿಯಾದರೂ ಈರಣ್ಣನೊಂದಿಗೆ ಅವರದು ಯಾವತ್ತೂ ಕನ್ನಡವೇ.

ಈರಣ್ಣ ಎಲ್ಲವನ್ನೂ ಒದರಿದ. ಸಣ್ಣವನು, ದೊಡ್ಡವನು, ನಂದಾದೀಪ, ಪುಣೆಯ ಸೆಲ್ಲು. ಮಿಸ್ತ್ರಿಗೆ ಅದರ ತಲೆಬುಡ ಹತ್ತಲಿಲ್ಲ. 'ಡಬ್ಬಿಯಾಗ ಇರೂದೇನು?' ಎಂದರು.

'ಸೆಲ್ರಿ. ಟಾರ್ಚಿಗೆ ಹಾಕ್ತೀವಲ್ಲ, ಅಂಥಾವು.'

'ಅರೇ ಹುಚ್ಚಾ, ಕೈಯಾಗ ಹಿಡಿಯೂ ಸೆಲ್ಲಿಗೆ ಹೆದರತೀಯೇನು?'

'ಸೆಲ್ಲಿಗಲ್ರಿ ಉಸ್ತಾದ. ಚಾಲೂ ಇದ್ದದ್ದಕ್ಕ ಕೈ ಹಾಕೂದಂದ್ರ ನಿಮ್ಮ ಕೈ ಕಣ್ಣಮುಂದ ಬರ್ತದ.'

ಮಿಸ್ತ್ರಿ ತಮ್ಮ ಕೈಯನ್ನು ತಾವೇ ತಿರುಗಿಸಿ ನೋಡಿಕೊಂಡರು. 'ನನ್ನ ಕೈಗೂ ಸ್ವಿಚ್ಚಿಗೂ ಏನ ಸಂಬಂಧೋ? ಅವತ್ತ ಸ್ವಿಚ್ ಬಂದಽ ಇತ್ತಲ್ಲ.'

'ಏನಂದ್ರಿ?'

'ನಾನಽ ಬಂದ್ ಮಾಡಿದ್ದೆ. ಕಬ್ಬಿಣ ಹಿಡಕೊಂಡು ತಿರಗೂ ಚಕ್ ಇನ್ನೂ ನಿಂತಿರಲಿಲ್ಲ. ಮೋಟರ್ ಬಂದಾದ್ರೂ ಅಷ್ಟ ದೊಡ್ಡ ಚಕ್ ಗಪ್ಪನ ನಿಂದರ್ತೈತೇನು? ಬಂದ್ ಮಾಡೀನಿ, ಅಂದ್ರ ನಿಂತೈತಿ ಅಂತ ತಿಳಕೊಂಡೆ. ಆ ಕಡೆ ಯಾರ ಜೋಡಿನೋ ಮಾತಾಡಕೋತ ಈ ಕಡೆ ಕೈ ಹಾಕಿದೆ.'

'ಮತ್ತ ಬಂದ್ ಮಾಡು, ಕೈ ಹಾಕು ಅಂತ ನಮಗ ಹೇಳಿಕೊಟ್ರಲ್ರೀ!' ಎಂದ ಈರಣ್ಣ. ದನಿ ಗುರುವಿನ ಮುಂದೆ ಏರಬಾರದಷ್ಟು ಏರಿತ್ತು.

'ಬಂದ್ ಮಾಡು, ನೋಡು, ಆಮ್ಯಾಲ ಕೈ ಹಾಕು ಅಂತ ಹೇಳ್ತಿದ್ದೆ,' ಎಂದರು ಮಿಸ್ತ್ರಿ, ನೀರಿನ ಪೈಪನ್ನು ಇನ್ನೊಂದು ಪಾತಿಗೆ ತಿರುಗಿಸುತ್ತ. 'ನಡುವಿಂದು ನೀವ ನುಂಗಿದ್ರಿ.'

ಹೇಳಿದ್ದರೇ? ಈರಣ್ಣ ಎಷ್ಟು ನೆನೆದರೂ ಆ ನಡುವಿನ ಮಾತು ಅವನ ಕಿವಿಗೆ ಬಿದ್ದ ನೆನಪಾಗಲಿಲ್ಲ. ಹೇಳಿರಬಹುದು. ಹೇಳದೆಯೂ ಇರಬಹುದು, ಮುದುಕರು ಈಗ ಸೇರಿಸುತ್ತಿರಬಹುದು. ಅಥವಾ ಹಳಬರ ಬಾಯಿಂದ ಬಾಯಿಗೆ ಬರುವಾಗ ಸವೆದುಹೋಗಿರಬಹುದು. ಯಾವುದು ಖರೇ ಎಂದು ತಿಳಿಯುವ ದಾರಿ ಇರಲಿಲ್ಲ. ಅವರು ಕಿತ್ತುಕೊಟ್ಟ ಹಸಿಮೆಣಸಿನಕಾಯಿ ಹಿಡಿದುಕೊಂಡು ಮನೆಗೆ ಬಂದು, ಉಣ್ಣದೆ ಮಲಗಿದ.

ಸೆಲ್ಲುಗಳು ಬಂದ ದಿನ ಪ್ರಾಚಿಯೂ ಬಂದಿದ್ದಳು. ಉತ್ತಮ ಅವರು ಕೈ ಹಿಂದೆ ಕಟ್ಟಿ ನಿಂತಿದ್ದರು. ಪ್ರತೀಕ ತೋಳು ಮಡಚಿಕೊಂಡು ತಯಾರಾಗಿದ್ದ. 'ಕಾಕಾ, ನೀವೋ, ನಾನೋ?' ಎಂದ.

'ನಾನಽ,' ಎಂದ ಈರಣ್ಣ. ಅಂದುಬಿಟ್ಟ ಮೇಲೆ ಅವನಿಗೇ ಗಾಬರಿಯಾಯಿತು.

ಮಷೀನಿನ ಹಿಂದೆ ಹೋದ. ಎಡಗೈಯನ್ನು ಪ್ಯಾಂಟಿನ ಕಿಸೆಗೆ ತುರುಕಿದ. ಆಮೇಲೆ ನೋಡತೊಡಗಿದ. ದಪ್ಪ ತಂತಿಗಳು ಎಲ್ಲಿವೆ ನೋಡಿದ. ಅವು ದೂರ, ಬೀಗ ಹಾಕಿದ ಬಾಗಿಲ ಹಿಂದೆ ಇದ್ದವು. ಚಕ್ ಕಡೆ ಬಗ್ಗಿ ನೋಡಿದ, ನಿಂತಿತ್ತು. ಪರದೆ ನೋಡಿದ, ಪುಟ ಬೆಳಗುತ್ತಿತ್ತು. ಡಬ್ಬಿ ನೋಡಿದ. ಅದರ ಪಕ್ಕ ಮಷೀನಿನ ಮೈಗೆ, ಎಣ್ಣೆ ಜಿಡ್ಡಿನ ಕೆಳಗೆ, ಒಂದು ಚೀಟಿ ಅಂಟಿಸಿತ್ತು. ಒರೆಸಿದ. ಇಂಗ್ಲಿಷಿತ್ತು. 'ಇದೇನ ಅಂತದ್ರಿ?' ಎಂದು ಪ್ರಾಚಿಯನ್ನು ಕೇಳಿದ. 'ಚಾಲೂ ಇಟ್ಟು ಬದಲಿಸಿ ಅಂತ ಬರದಾರ ಕಾಕಾ,' ಎಂದಳು ಅವಳು ಮೆಲ್ಲಗೆ. ಅವನು ಇನ್ನೂ ನೋಡುತ್ತಲೇ ಇದ್ದ. ಉತ್ತಮ ಅವರು ಕೆಮ್ಮಿದರು. ಪ್ರತೀಕ ಮುಂದೆ ಹೆಜ್ಜೆಯಿಟ್ಟ. ಆಗ ಈರಣ್ಣನ ಬಲಗೈ ಒಳಗೆ ಹೋಯಿತು. ಹಳೆಯ ಸೆಲ್ಲು ತೆಗೆದ, ಹೊಸದು ಕೂಡಿಸಿದ, ಮುಚ್ಚಳ ಒತ್ತಿದ.

ಏನೂ ಆಗಲಿಲ್ಲ. ಈರಣ್ಣ ಏನಾದರೂ ಆದೀತೆಂದು ಕಾದು ನಿಂತ.

'ಆತ್ರಿ ಕಾಕಾ, ಮುಚ್ಚಿ ಬರ್ರಿ.'

'ಏನೂ ಆಗ್ಲೇ ಇಲ್ಲಲ್ರಿ?'

'ಏನೂ ಆಗಬಾರದು. ಅದಕ್ಕಽ ಅಲ್ಲೇನ್ರಿ ಇಷ್ಟೆಲ್ಲಾ?'

ಪ್ರಾಚಿ ಮೇನ್ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಏರಿಸಿದಳು. ಅಕ್ಷರಗಳು ಓಡಿದವು, ಪುಟ ಮೂಡಿತು, ಹೋಮ್ ಒತ್ತಿದರೆ ಜಾರುಗಾಡಿಗಳು ತಮ್ಮ ಮೂಲೆಗೆ ಹೋಗಿ ನಿಂತವು. ಉತ್ತಮ ಅವರು 'ಪ್ರತೀಕ, ಆಫೀಸಿಗೆ ನಡಿ. ಈರಣ್ಣಾ, ಶಾಫ್ಟ್ ಹಚ್ರಿ' ಎಂದಷ್ಟೇ ಹೇಳಿ ಹೋದರು. ಈರಣ್ಣನಿಗೆ ಕುಣಿಯುವಷ್ಟು ಸಂತೋಷವಾಯಿತು. ಎಡಗೈಯನ್ನು ಕಿಸೆಯಿಂದ ಹೊರತೆಗೆದು, ಮೊದಲ ಸರಳನ್ನು ಚಕ್ಕಿಗೆ ಹಚ್ಚಿದ.

ಸಂಜೆ ಮನೆಗೆ ಬಂದಾಗ ಕಾಶವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಅವಳ ಪಕ್ಕದಲ್ಲೇ ಕುಕ್ಕರಿಸಿ, ಎದೆಯುಬ್ಬಿಸಿ ಹೇಳಿದ: 'ಮಷೀನು ನಂದಽ ಉಳೀತು. ಇವತ್ತ ಕರೆಂಟ್ ಚಾಲೂ ಇದ್ದಾಗನ ಕೈ ಹಾಕಿದೆ.'

ಕಾಶವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಮೇನ್ ಬಂದ್ ಮಾಡುತ್ತಾನೆಂದು ಜೀವನವೆಲ್ಲ ಬೈದಿದ್ದ ಹೆಂಗಸು, ಹಿಟ್ಟಿನ ಕೈಯಿಂದಲೇ ಅವನ ಬಲಗೈ ಎಳೆದುಕೊಂಡು, ಅಂಗಾತ ಮಾಡಿ ನೋಡಿದಳು, ಬೋರಲು ಮಾಡಿ ನೋಡಿದಳು, ಒಂದೊಂದೇ ಬೆರಳು ಹಿಡಿದು ಮಡಚಿ ಬಿಡಿಸಿದಳು.

'ಅಲ್ರೀ, ಯಾಕ ಹಾಕಿದ್ರಿ?'

'ಬಂದ್ ಮಾಡಿದ್ರ ಅದು ಎಲ್ಲಾ ಮರೀತದ.'

'ಅದು ಮರತ್ರ ಮರೀಲಿ!' ಎಂದಳು ಕಾಶವ್ವ. 'ನಿಮಗೇನಾರ ಆಗಿದ್ರ ನಾ ಏನ ಮಾಡ್ಲಿ?'

ಸಣ್ಣವನು, ದೊಡ್ಡವನು, ಹನಿ ಹನಿ ಕರೆಂಟು ಎಂ‌ದೆಲ್ಲ ಹೇಳಲು ಈರಣ್ಣ ಶುರು ಮಾಡಿದ. ತವೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಆಕೆ ಕೈ ಬಿಡಲಿಲ್ಲ, ಇವನೂ ಬಿಡಿಸಿಕೊಳ್ಳಲಿಲ್ಲ.